ಕೆಂಪು ಶಾಯಿಯಲ್ಲಿ ಬರೆಯುವ ಮುನ್ನ
ತಾಲ್ಲೂಕು ಆಸ್ಪತ್ರೆಯ ನರ್ಸ್ ನಾನು. ಕೇಸ್ ಶೀಟಿನಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರೆ, ಏನಾಗಿತ್ತು ಎಂದು ಕೇಳುತ್ತೇನೆ. ‘ಚಿಕ್ಕೋನಿದ್ದಾಗ ಮೈಮೇಲೆ ಗುಳ್ಳೆ ಎದ್ದಿತ್ತಂತೆ, ಅವ್ವ ಹೇಳ್ತಿದ್ಳು’ ಎನ್ನುತ್ತಾರೆ. ಇಂಥವರನ್ನು ಸರಿಯಾಗಿ ಪರೀಕ್ಷಿಸಿದರೆ 10ರಲ್ಲಿ ಸುಮಾರು 9 ಮಂದಿಗೆ ಅಲರ್ಜಿಯೇ ಇರುವುದಿಲ್ಲ.

ಹಲವೆಡೆ ‘ಟೆಸ್ಟ್ ಡೋಸ್’ ಎಂದರೆ ಮುಂಗೈಗೊಂದು ಚುಚ್ಚು. ಕೆಂಪಾದರೆ ಮುಗಿಯಿತು, ಔಷಧ ಬಂದ್. ಆದರೆ ಸೂಜಿ ತಾಗಿದ್ದಕ್ಕೇ ಕೆಂಪಾಯಿತೇ ಎಂದು ತಿಳಿಯಲು ಪಕ್ಕದಲ್ಲೇ ಸಲೈನ್ ಹಾಕಬೇಕು. ಚರ್ಮ ಸ್ಪಂದಿಸುತ್ತಿದೆಯೇ ಎಂದು ನೋಡಲು ಹಿಸ್ಟಮಿನ್ ಬೇಕು. 15–20 ನಿಮಿಷ ಕಾದು ದದ್ದನ್ನು ಸ್ಕೇಲಿನಲ್ಲಿ ಅಳೆಯಬೇಕು. ನೆಗೆಟಿವ್ ಬಂದರೆ ವೈದ್ಯರ ಕಣ್ಣೆದುರೇ ಅಮಾಕ್ಸಿಸಿಲಿನ್ ನುಂಗಿಸಿ ಖಚಿತಪಡಿಸಿಕೊಳ್ಳಬೇಕು.

ರುಮ್ಯಾಟಿಕ್ ಹೃದ್ರೋಗದ ಮಕ್ಕಳಿಗೆ 3–4 ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನೇ ಕಾವಲು. ಅಲರ್ಜಿಯೆಂಬ ಸುಳ್ಳು ಹಣೆಪಟ್ಟಿ ಅದನ್ನೇ ಕಿತ್ತುಕೊಳ್ಳುತ್ತದೆ. ಉಳಿದವರಿಗೆ ದುಬಾರಿ ಆ್ಯಂಟಿಬಯೋಟಿಕ್ ಗತಿ.

ಜಿಲ್ಲಾಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ, ತುರ್ತಿಗೆ ಅಡ್ರಿನಲಿನ್ ಸಿದ್ಧವಿಟ್ಟುಕೊಂಡು, ಈ ತಪಾಸಣೆ ನಡೆಯಲಿ. ಹಿಂದೆ ಚರ್ಮ ಸುಲಿದುಹೋಗುವಂಥ ತೀವ್ರ ತೊಂದರೆ ಆದವರಿಗೆ ಇದು ಬೇಡ. ಉಳಿದವರು ಮನೆಯಲ್ಲಿ ಪ್ರಯೋಗಕ್ಕಿಳಿಯದೆ, ‘ನನಗೆ ನಿಜಕ್ಕೂ ಅಲರ್ಜಿ ಇದೆಯೇ?’ ಎಂದು ವೈದ್ಯರನ್ನು ಕೇಳಲಿ.