ಎಸಿಪಿ ಸತ್ತು ಬದುಕಿದ್ದು, ಮುತ್ಯಾ ಟಿವಿ ಬಂದ್ ಮಾಡಿದ್ದು

ಇಲ್ಲಿ ಏನಾದರೂ ಬರೆದು ಮೂರು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ನೆಪಕ್ಕೇನು ಬರ? ಇವತ್ತು ಬರೀತಿರೋದು ಒಂದು ಧಾರಾವಾಹಿ ಬಗ್ಗೆ. ಅದೂ ಹಿಂದಿಯದು. ಹೌದು, ಸಿಐಡಿ! ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ.

ಕನ್ನಡದ ಬ್ಲಾಗಿನಲ್ಲಿ ಹಿಂದಿ ಸೀರಿಯಲ್ ಯಾಕಪ್ಪಾ ಅನ್ನೋರಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ. ನಮ್ಮದು ಯಾದಗಿರಿ ಜಿಲ್ಲೆ. ಅಪ್ಪ ಅವ್ವ ಶಹಾಪುರದಲ್ಲಿ, ಮುತ್ಯಾ ಸುರಪುರದಲ್ಲಿ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆ ಕಂಡ ಸೀಮೆ ಇದು. ಇಲ್ಲಿ ಹಿಂದಿ-ಉರ್ದು ಕಲಿಯೋಕೆ ಯಾರೂ ಟ್ಯೂಷನ್‌ಗೆ ಹೋಗಲ್ಲ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಮೇಲಾಗಿ ನಾನು ಶಾಲೆಗೆ ಹೋಗ್ತಿದ್ದಾಗ ಕನ್ನಡಕ್ಕೆ ಡಬ್ ಮಾಡೋದೇ ದೊಡ್ಡ ಅಪರಾಧ ಅನ್ನೋ ಹಾಗಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಹೇಳಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತದಂಥ ಧಾರಾವಾಹಿಗಳು ನಮ್ಮ ಚಾನೆಲ್ಲುಗಳಲ್ಲಿ ಕನ್ನಡ ಮಾತಾಡಿದವು. ಅಷ್ಟೊತ್ತಿಗೆ ನನ್ನ ಬಾಲ್ಯ ಮುಗಿದಿತ್ತು. ಹಾಗಾಗಿ ದಯಾ ಬಾಗಿಲು ಒಡೆಯೋದನ್ನ ನಾವು ಹಿಂದಿಯಲ್ಲೇ ನೋಡಿದ್ವಿ. ದಯಾನಂದ ಶೆಟ್ಟಿ ಮೂಲತಃ ಉಡುಪಿ ಕಡೆಯವರು ಅಂತ ಒಮ್ಮೆ ಹೇಳಿದಾಗ ಮುತ್ಯಾ, "ಬಾಗಿಲಾ ಒದ್ಯಾದು ನೋಡಿದ್ರ ನಮ್ಮಾಂವನs ಅನಸ್ತಿತ್ತು ಬಿಡು" ಅಂದಿದ್ದ.

ಸಿಐಡಿ ಸೋನಿಯಲ್ಲಿ ಶುರುವಾಗಿದ್ದು 1998ರ ಜನವರಿ 21ಕ್ಕೆ. ನಾನಾಗ ಒಂದು ವರ್ಷದ ಕೂಸು. ಬಿ.ಪಿ. ಸಿಂಗ್ ಕಟ್ಟಿದ ಸರಣಿ. ಮೊದಮೊದಲು ಆ ತಂಡದಲ್ಲಿ ಅಶುತೋಷ್ ಗೋವಾರಿಕರ್ ಕೂಡ ಒಬ್ಬ ಇನ್ಸ್‌ಪೆಕ್ಟರ್ ಆಗಿದ್ದರು, ಆಮೇಲೆ ಲಗಾನ್ ಮಾಡಿದರಲ್ಲ, ಅವರೇ. 2018ರ ಅಕ್ಟೋಬರ್ 27ಕ್ಕೆ ನಿಂತಾಗ 1547 ಕಂತುಗಳಾಗಿದ್ದವು. ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಿದ್ದೂ ಅದೇ ವರ್ಷ. ನನ್ನ ಹಳೇ ಜನ್ಮ, ಸಿಐಡಿ, ಎರಡೂ ಒಟ್ಟಿಗೇ ಮುಗಿದವು ಅನ್ನಿಸಿತ್ತು.

ಅದರಲ್ಲಿ ಅಂಥಾದ್ದೇನಿತ್ತು? ನಿಜ ಹೇಳಬೇಕಂದ್ರೆ ಪ್ರತಿ ವಾರವೂ ಅದೇ! ಒಂದು ಹೆಣ. ಎಸಿಪಿ ಪ್ರದ್ಯುಮನ್ ಗಾಳಿಯಲ್ಲಿ ಬೆರಳು ತಿರುಗಿಸಿ ಏನೋ ಗಡಬಡ ಇದೆ ಅನ್ನೋದು. ಡಾಕ್ಟರ್ ಸಾಳುಂಕೆಯ ಲ್ಯಾಬಿನಲ್ಲಿ ಬಣ್ಣಬಣ್ಣದ ನೀರು. ಫ್ರೆಡ್ಡಿಯ ಪೆದ್ದುತನ. ಒಂದು ಬಾಗಿಲು, ಒಂದು ಕಪಾಳಮೋಕ್ಷ, ಒಂದು ತಪ್ಪೊಪ್ಪಿಗೆ. ವಾರದ ಕೊನೆಗೆ ಸುರಪುರಕ್ಕೆ ಹೋದರೆ ರಾತ್ರಿ ಊಟ ಮುಗಿಸಿ ಮುತ್ಯಾ, ಆಯಿ, ನಾನು ಸಾಲಾಗಿ ಕೂರ್ತಿದ್ವಿ. ಆಯಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೆ ಅವಳ ಹತ್ತಿರ ಒಂದು ಸೂತ್ರ ಇತ್ತು: "ಹೆಣದ ಮುಂದ ಯಾಂವ ಭಾಳ ಅಳತಾನ, ಅಂವನs ಕಳ್ಳ." ಅರ್ಧಕ್ಕರ್ಧ ಸಲ ಅವಳೇ ಸರಿ ಇರ್ತಿದ್ಲು. ಎಷ್ಟೋ ಸಲ ಕೊಲೆಗಾರ ಗೊತ್ತಾಗೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗ್ತಿತ್ತು. ಆಗ ಕತ್ತಲಲ್ಲೇ ಮುತ್ಯಾ ವಿಚಾರಣೆ ನಡೆಸಿ, ಯಾರು ಕೊಂದದ್ದು ಅಂತ ತೀರ್ಪು ಕೊಟ್ಟು ನಮ್ಮನ್ನ ಮಲಗಿಸ್ತಿದ್ದ. ಮರುದಿನ ಯಾರಾದರೂ ಬೇರೆ ಕೊಲೆಗಾರನ ಹೆಸರು ಹೇಳಿದರೆ "ಅವರು ತಪ್ಪು ಹಿಡದಾರ" ಅಂತಿದ್ದ!

ಇದನ್ನ ಸುಮ್ಮನೆ ಹಳೇ ನೆನಪು ಅಂತ ಹೇಳ್ತಿಲ್ಲ. ಸಿಐಡಿಯ ಶಕ್ತಿ ಇದ್ದದ್ದೇ ಇಲ್ಲಿ. ಎರಡು ವಾರ ತಪ್ಪಿಸಿಕೊಂಡರೂ ಏನೂ ಕಳೆದುಕೊಳ್ತಿರಲಿಲ್ಲ. ಹೊರಗಿನ ಜಗತ್ತು ಪ್ರತಿ ವಾರ ಕೆಡ್ತಿತ್ತು, ಒಳಗಿನ ಆ ಮನೆ ಮಾತ್ರ ಹಾಗೇ ಇರ್ತಿತ್ತು. ಅದೇ ಎಸಿಪಿ, ಅದೇ ಅಭಿಜೀತ್, ಅದೇ ದಯಾ. ಹಾಗಂತ ಸಾಹಸ ಮಾಡದ ಸರಣಿಯಲ್ಲ ಅದು. 2004ರ ನವೆಂಬರ್ 7ಕ್ಕೆ 111 ನಿಮಿಷದ ಇಡೀ ಕಂತನ್ನ ಒಂದೇ ಶಾಟಿನಲ್ಲಿ, ಎಲ್ಲೂ ಕತ್ತರಿ ಹಾಕದೆ ತೋರಿಸಿದ್ದರು. ಅಂದರೆ ಹೊಸದು ಮಾಡೋ ಧೈರ್ಯ ಇತ್ತು, ಆದರೆ ಆ ಧೈರ್ಯ ತೋರಿಸೋಕೆ ಯಾರನ್ನೂ ಕೊಲ್ಲಬೇಕಾಗಿರಲಿಲ್ಲ.

ಆರು ವರ್ಷ ಬಿಟ್ಟು, 2024ರ ಡಿಸೆಂಬರ್ 21ಕ್ಕೆ ಎರಡನೇ ಸೀಸನ್ ಶುರುವಾಯ್ತು. ಅದೇ ವರ್ಷ ಮಳೆಗಾಲದಲ್ಲಿ ಆಯಿ ತೀರಿಹೋಗಿದ್ದಳು. ಮುತ್ಯಾ ಮಾತು ಕಮ್ಮಿ ಮಾಡಿದ್ದ. ಕ್ರಿಸ್‌ಮಸ್ ರಜೆ ಸೇರಿಸಿಕೊಂಡು ನಾನು ಯಾದಗಿರಿಯಲ್ಲಿ ರೈಲಿಳಿದು, ಭೀಮಾ ದಾಟಿ, ಶಹಾಪುರದಲ್ಲಿ ಬ್ಯಾಗ್ ಇಟ್ಟು, ಸೀದಾ ಸುರಪುರಕ್ಕೆ ಹೋದೆ. ಹೇಳಿದ್ದು ಒಂದೇ ಮಾತು, "ಮುತ್ಯಾ, ಸಿಐಡಿ ಮತ್ತ ಬರ್ಲಕತ್ತದ." ಆಯಿ ಹೋದ ಮೇಲೆ ಅವನ ಮುಖದಲ್ಲಿ ಅಷ್ಟು ನಗು ಕಂಡಿದ್ದು ಅದೇ ಮೊದಲು.

ಮೊದಲು ಒಳ್ಳೇದು ಹೇಳ್ತೀನಿ. ಚಿತ್ರೀಕರಣ ಚೆನ್ನಾಗಿದೆ. ಹಳೇ ಜೋಡಿಯನ್ನೇ ವಾಪಸ್ ಕರೆತಂದಿದ್ದು ಸರಿಯಾದ ಕೆಲಸ. ಅಭಿಜೀತ್ ದಯಾಗೇ ಗುಂಡು ಹೊಡೀತಾನೆ ಅಂತ ಪ್ರೋಮೋದಲ್ಲೇ ತೋರಿಸಿ ಶುರು ಮಾಡಿದರಲ್ಲ, ಅದರಿಂದ ಆದಿತ್ಯ ಶ್ರೀವಾಸ್ತವಗೆ ನಟಿಸೋಕೆ ಜಾಗ ಸಿಕ್ಕಿತು. ಸತ್ಯಾ, ಬ್ಲ್ಯಾಕ್ ಫ್ರೈಡೇ ನೋಡಿದವರಿಗೆ ಆತ ಎಂಥ ನಟ ಅಂತ ಗೊತ್ತು; ವರ್ಷಗಟ್ಟಲೆ "ಹೌದು ಸರ್, ಬಾಡಿ ಇಲ್ಲಿದೆ ಸರ್" ಅನ್ನೋದರಲ್ಲೇ ಕಳೆದಿದ್ದರು. ಇನ್ನೊಂದು, ಫ್ರೆಡ್ಡಿ ಇಲ್ಲ. ಆ ಪಾತ್ರ ಮಾಡಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರಿನಲ್ಲಿ ನಿಜವಾಗಿಯೇ ತೀರಿಕೊಂಡರು. ಆ ಖಾಲಿ ಜಾಗ ಪ್ರತಿ ಕಂತಿನಲ್ಲೂ ಕಾಣುತ್ತೆ. ಯಾರೂ ಏನೂ ಹೇಳದಿದ್ದರೂ ಕಾಣುತ್ತೆ.

ಈಗ ನನ್ನ ಜಗಳಕ್ಕೆ ಬರ್ತೀನಿ.

2025ರ ಏಪ್ರಿಲ್. ಬಾರ್ಬೋಸಾ ಅನ್ನೋ ಖಳ (ತಿಗ್ಮಾಂಶು ಧುಲಿಯಾ) ಬಾಂಬ್ ಇಟ್ಟು ಎಸಿಪಿಯನ್ನ ಕೊಂದ. ಕಥೆಯಲ್ಲಿ ಕೊಂದರೆ ಕೊಲ್ಲಲಿ ಬಿಡಿ. ಆದರೆ ಚಾನೆಲ್ಲಿನವರು ಎಸಿಪಿಯ ಹೆಸರಿನ ಕೆಳಗೆ 1998-2025 ಅಂತ ಇಸವಿ ಹಾಕಿ ಶ್ರದ್ಧಾಂಜಲಿಯ ಪೋಸ್ಟ್ ಬಿಟ್ಟರು! ಶಿವಾಜಿ ಸಾಟಮ್ ಅವರೇ ಹೋದರೇನೋ ಅಂತ ಎಷ್ಟೋ ಜನ ಗಾಬರಿಯಾದರು. ಅದು ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಸುರಪುರಕ್ಕೂ ಬಂತು. ಮುತ್ಯಾ ನನಗೆ ಫೋನ್ ಮಾಡಿದ.

"ತಮ್ಮಾ, ಪ್ರದ್ಯುಮನ್ ಹೋದನಂತಲ್ಲೊ?"

"ಸೀರಿಯಲ್ದಾಗ ಅಷ್ಟs ಮುತ್ಯಾ. ಆ ಮನಷಾ ಆರಾಮ್ ಅದಾನ."

"ಸೀರಿಯಲ್ದಾಗರೆ ಯಾಕ ಕೊಂದ್ರು? ನನ್ನ ವಾರಿಗೀ ಮನಷಾ ಅಂವ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸ ಎಸಿಪಿಯಾಗಿ ಪಾರ್ಥ್ ಸಮಥಾನ್ ಬಂದರು. ಜನ ಒಪ್ಪಲಿಲ್ಲ, ಬೈದರು. ಕೆಲವು ವಾರ ಕಳೆದ ಮೇಲೆ ನೋಡಿದರೆ ಎಸಿಪಿ ಪ್ರದ್ಯುಮನ್ ವಾಪಸ್! ಸತ್ತೇ ಇರಲಿಲ್ಲವಂತೆ.

ನನ್ನ ವೃತ್ತಿಯಲ್ಲಿ ಒಂದು ಮಾತಿದೆ, ಓಡ್ತಿರೋ ಕೋಡನ್ನ ಸುಮ್ಮನೆ ಮುಟ್ಟಬೇಡ. ಇಲ್ಲಿ ಆಗಿದ್ದು ಅದೇ. ಒಟಿಟಿಯ ಥ್ರಿಲ್ಲರುಗಳಲ್ಲಿ ಮುಖ್ಯ ಪಾತ್ರಗಳು ಸಾಯ್ತವೆ, ನಾವೂ ಸಾಯಿಸೋಣ ಅಂತ ಹೊರಟರು. (2025ರ ಫೆಬ್ರವರಿಯಿಂದ ಸಿಐಡಿ ನೆಟ್‌ಫ್ಲಿಕ್ಸಿಗೂ ಬಂದಿತ್ತು.) ಆದರೆ ಅಲ್ಲಿ ಸತ್ತವರು ಸತ್ತೇ ಇರ್ತಾರೆ ಅನ್ನೋ ಭಯದಿಂದಲೇ ಜನ ಉಸಿರು ಬಿಗಿಹಿಡಿದು ನೋಡೋದು. ಇವರಿಗೆ ಆ ಭಯವೂ ಬೇಕು, ಎಸಿಪಿಯೂ ಬೇಕು. ಹೊಸ ಫೀಚರ್ ಹಾಕಿ, ಬಳಕೆದಾರರು ಬೈದ ತಕ್ಷಣ ಹಿಂದಕ್ಕೆ ತಗೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ನಡೆದುಕೊಂಡರೆ? ಮೊದಲಿನ ಆವೃತ್ತಿಯೂ ಉಳಿಯಲ್ಲ, ಹೊಸದೂ ನಿಲ್ಲಲ್ಲ.

"ಹಳೇ ಸಿಐಡಿಯಲ್ಲೂ ಸತ್ತ ಹಾಗೆ ನಟಿಸಿ ಎದ್ದು ಬರ್ತಿದ್ದರಲ್ಲ?" ಅಂತ ನೀವು ಕೇಳಬಹುದು. ಹೌದು, ಬರ್ತಿದ್ದರು. ಆದರೆ ಅಲ್ಲಿ ಮೋಸ ಹೋಗ್ತಿದ್ದವನು ಕಥೆಯೊಳಗಿನ ಖಳ. ನಮಗೂ ಒಳಗೊಳಗೇ ಗೊತ್ತಿರ್ತಿತ್ತು, ಇದು ಎಸಿಪಿಯ ಆಟ ಅಂತ. ಈ ಸಲ ಶ್ರದ್ಧಾಂಜಲಿ ಬರೆದದ್ದು ಕಥೆಯ ಪಾತ್ರವಲ್ಲ, ಕಥೆ ಮಾಡೋರು. ಪಾತ್ರ ಸುಳ್ಳು ಹೇಳಿದರೆ ಅದು ಪತ್ತೇದಾರಿ. ಹೇಳೋನೇ ಸುಳ್ಳು ಹೇಳಿದರೆ ಅದು ಮೋಸ.

ಇದನ್ನ ಯೋಚಿಸುವಾಗ ನೆನಪಾಗೋದು ಸುರಪುರದ ಗುಡ್ಡದ ಮೇಲಿರೋ ಟೇಲರ್ ಮಂಜಿಲ್. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆ. ಬಾಲಕ ರಾಜ ವೆಂಕಟಪ್ಪ ನಾಯಕ ಆತನನ್ನ ಅಪ್ಪಾ ಅಂತಲೇ ಕರೀತಿದ್ದ. ಊರಲ್ಲಿ ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅದೇ ಟೇಲರ್ ಸುರಪುರಕ್ಕೆ ಬರೋ ಮುಂಚೆ, 1839ರಲ್ಲಿ, ಇಂಗ್ಲೆಂಡಿನವರು ನಿದ್ದೆಗೆಟ್ಟು ಓದಿದ ಒಂದು ಥ್ರಿಲ್ಲರ್ ಬರೆದಿದ್ದ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಕನ್ಫೆಶನ್ಸ್ ಆಫ್ ಎ ಥಗ್. ಅಮೀರ್ ಅಲಿ ಅನ್ನೋ ಠಕ್ಕ ತಾನು ಮಾಡಿದ ಕೊಲೆಗಳನ್ನ ಸಾಹೇಬನ ಮುಂದೆ ಒಂದೊಂದಾಗಿ ಒಪ್ಪಿಕೊಳ್ತಾ ಹೋಗೋ ಕಾದಂಬರಿ. ಕೊಂದದ್ದು ಯಾರು ಅನ್ನೋ ಪ್ರಶ್ನೆಯೇ ಇಲ್ಲ, ಮೊದಲ ಪುಟದಿಂದಲೇ ಗೊತ್ತು. ಆದರೂ ಪುಸ್ತಕ ಕೆಳಗಿಡೋಕಾಗಲ್ಲ. (ಮುಂದಿನ ಸಾಲಲ್ಲಿ ಗುಟ್ಟು ಬಿಟ್ಟುಕೊಡ್ತಿದ್ದೀನಿ. 180 ವರ್ಷ ಮೀರಿದ ಪುಸ್ತಕ, ಕ್ಷಮಿಸಿ.) ತಾನು ಕೊಂದ ಹೆಂಗಸರಲ್ಲಿ ಒಬ್ಬಳು ತನ್ನ ಸ್ವಂತ ತಂಗಿ ಅಂತ ಅಮೀರ್ ಅಲಿಗೆ ಗೊತ್ತಾಗೋದು ಎಲ್ಲಾ ಮುಗಿದ ಮೇಲೆ. ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಯಾಕೆ? ಯಾಕಂದ್ರೆ ಅದನ್ನ ತಿದ್ದೋಕಾಗಲ್ಲ. ಅವಳು ವಾಪಸ್ ಬರಲ್ಲ.

ಮುಂದಿನ ಭಾಗದಲ್ಲಿ ಆ ತಂಗಿಯನ್ನ ಟೇಲರ್ ಬದುಕಿಸಿ ಕರೆತಂದಿದ್ದರೆ ಹೇಗಿರ್ತಿತ್ತು ಯೋಚಿಸಿ. ಆಮೇಲೆ ಬರೆದ ತಾರಾ, ರಾಲ್ಫ್ ಡಾರ್ನೆಲ್, ಸೀತಾ ಮೂರಕ್ಕೂ ಬೇರೆ ಕಾಲ, ಬೇರೆ ಜನರನ್ನೇ ಆರಿಸಿಕೊಂಡ. ಅಮೀರ್ ಅಲಿಯ ಗೋರಿ ಕೆದಕೋಕೆ ಹೋಗಲಿಲ್ಲ.

ಹೊಸ ಸೀಸನ್ ಒಂದನ್ನ ಅಳೆಯೋಕೆ ನನ್ನ ಹತ್ತಿರ ಈಗ ಒಂದೇ ಅಳತೆಗೋಲು. ಹಳೇದರ ಥರ ಇದೆಯಾ ಅಂತಲ್ಲ. ಹಳೇದರ ಥರ ಇಲ್ಲದೇ ಇದ್ದರೂ ನಡೆಯುತ್ತೆ. ನನ್ನಿಂದ ವಸೂಲಿ ಮಾಡಿದ ದುಃಖಕ್ಕೆ ಬೆಲೆ ಇದೆಯಾ ಅನ್ನೋದಷ್ಟೇ ಪ್ರಶ್ನೆ. ಕೊಲೆಗಾರನ ವಿಷಯದಲ್ಲಿ ನೂರು ಸಲ ಏಮಾರಿಸಲಿ, ಅದಕ್ಕೇ ಅಲ್ಲವಾ ನಾವು ಕೂತಿರೋದು? ಸಾವಿನ ವಿಷಯದಲ್ಲಿ ಮಾತ್ರ ಏಮಾರಿಸಬಾರದು. ಆ ನಾಣ್ಯ ಒಮ್ಮೆ ಖೋಟಾ ಅಂತ ಗೊತ್ತಾದರೆ ಮುಂದೆ ಯಾವ ಬಾಂಬಿಗೂ ಎದೆ ಹೊಡೆದುಕೊಳ್ಳಲ್ಲ. ಈ ಲೆಕ್ಕದಲ್ಲಿ ಎರಡನೇ ಸೀಸನ್ ಫೇಲು. ಒಂದೊಂದೇ ಕಂತಿನ ಬಿಡಿ ಕೇಸುಗಳು ಈಗಲೂ ಚೆನ್ನಾಗಿವೆ, ಅವನ್ನ ನೋಡಬಹುದು. ಆದರೆ ದೊಡ್ಡ ಕಥೆ ಅಂತ ಹೊರಟಾಗಲೆಲ್ಲ ಅದರ ಕಾಲು ನೆಲಕ್ಕೆ ಸಿಗಲ್ಲ.

ಎಸಿಪಿ ತಿರುಗಿ ಬಂದ ಮೇಲೆ ಒಂದು ಶನಿವಾರ ಸುರಪುರಕ್ಕೆ ಹೋಗಿದ್ದೆ. ಮುತ್ಯಾಗೆ ಖುಷಿ ಆಗಿರುತ್ತೆ ಅಂದುಕೊಂಡಿದ್ದೆ. ಹತ್ತು ಗಂಟೆ ಆದರೂ ಟಿವಿ ಹಚ್ಚಿರಲಿಲ್ಲ. ಹೊರಗೆ ಕಟ್ಟೆ ಮೇಲೆ ಕೂತಿದ್ದ.

"ಯಾಕ ಮುತ್ಯಾ, ಸಿಐಡಿ ನೋಡಂಗಿಲ್ಲೇನು? ನಿನ್ನ ಪ್ರದ್ಯುಮನ್ ಬಂದಾನಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಹಿಂಗ ಬರೂದಿದ್ರ ನಿಮ್ಮ ಆಯಿನೂ ಬರಬೇಕಿತ್ತಲ್ಲೊ ತಮ್ಮಾ."

ಆಮೇಲೆ ನಾನೂ ಅಲ್ಲೇ ಕಟ್ಟೆ ಮೇಲೆ ಕೂತೆ. ಇಬ್ಬರೂ ಆ ರಾತ್ರಿ ಏನೂ ನೋಡಲಿಲ್ಲ.

ನಿಮ್ಮ ಮನೆಯಲ್ಲೂ ಯಾವುದೋ ಒಂದು ಸೀರಿಯಲ್ ಹೀಗೆ ಮನೆಮಂದಿಯನ್ನ ಸಾಲಾಗಿ ಕೂರಿಸಿತ್ತಾ? ಅದನ್ನ ಮುಂದುವರಿಸಿದವರು ಉಳಿಸಿಕೊಂಡರಾ, ಕೆಡಿಸಿದರಾ? ಬರೀರಿ. ಓದಿ ಮುತ್ಯಾಗೂ ಹೇಳ್ತೀನಿ.