ಹೊರಗಿನವನು ಎಂಬ ಹೆಸರು
ವೇಲ್ಸ್ ಎಂಬ ಹೆಸರಿನ ಬೇರು ಹುಡುಕಹೊರಟರೆ ಯುರೋಪಿನ ಅರ್ಧ ಭೂಪಟವೇ ಬಿಚ್ಚಿಕೊಳ್ಳುತ್ತದೆ. ಸೀಸರ್ ತನ್ನ ಯುದ್ಧದ ಬರಹಗಳಲ್ಲಿ ವೋಲ್ಕೆ ಎಂಬ ಕೆಲ್ಟಿಕ್ ಬುಡಕಟ್ಟನ್ನು ಹೆಸರಿಸಿದ್ದಾನೆ. ನೆರೆಯ ಜರ್ಮನಿಕ್ ಜನರ ಬಾಯಲ್ಲಿ ಅದು ‘ವಾಲ್ಹ್’ ಆಗಿ, ಬರಬರುತ್ತ ತಮ್ಮ ಮಾತು ಆಡದ ಹೊರಗಿನವನು ಎಂಬ ಅರ್ಥಕ್ಕೆ ನಿಂತಿತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ವೇಲ್ಸ್, ಕಾರ್ನ್‌ವಾಲ್‌ನ ಹೆಸರಿನ ಕೊನೆಯ ತುಣುಕು, ಬೆಲ್ಜಿಯಂನ ವಲೋನಿಯ, ರೊಮೇನಿಯಾದ ವಲಾಕಿಯ ಎಲ್ಲವೂ ಅದರ ಚಿಗುರುಗಳೇ; ಅಕ್ರೋಟಿನ ಇಂಗ್ಲಿಷ್ ಹೆಸರು ವಾಲ್‌ನಟ್ ಕೂಡ. ಮನೆತನಗಳಿಗೂ ಅದು ಅಂಟಿಕೊಂಡಿತು: ಐರ್ಲೆಂಡಿನ ವಾಲ್ಶ್, ಹಂಗೇರಿಯ ಓಲಾಹ್, ಚೆಕ್ ನಾಡಿನ ವ್ಲಾಖ್. 1305ರಲ್ಲಿ ಲಂಡನ್ನಿನಲ್ಲಿ ಮರಣದಂಡನೆಗೆ ಗುರಿಯಾದ ವಿಲಿಯಂ ವಾಲೇಸ್ ಸ್ಕಾಟ್ಲೆಂಡಿನ ಪಾಲಿಗೆ ಮಣ್ಣಿನ ಮಗ. ಅವನ ಅಡ್ಡಹೆಸರಿನ ಅರ್ಥ ಮಾತ್ರ ಹೊರಗಿನವನು! ನನ್ನನ್ನು ಹಿಡಿದು ನಿಲ್ಲಿಸುವುದು ಪೋಲಿಷ್ ಭಾಷೆಯ ಭೂಪಟ. ಅದರಲ್ಲಿ ಇಟಲಿ ಎಂಬ ಪದವೇ ಸಿಗುವುದಿಲ್ಲ. ಬೂಟಿನಂಥ ಆ ನೆಲದ ಮೇಲೆ ‘ವ್ವೊಹಿ’ ಎಂದು ಅಚ್ಚಾಗಿರುತ್ತದೆ; ಅದೂ ಇದೇ ಬೇರಿನ ಚಿಗುರು. ವಾರ್ಸಾ ನಗರದೊಳಗೂ ಅದೇ ಹೆಸರಿನ ಒಂದು ಭಾಗವಿದೆ. ಆದರೆ ಮನಸ್ಸು ಮತ್ತೆ ವೇಲ್ಸಿಗೇ ಮರಳುತ್ತದೆ. ಬ್ರಿಟನ್ನಿನಲ್ಲಿ ತಲೆತಲಾಂತರದಿಂದ ಬಾಳಿದವರಿಗೆ, ಕಡಲು ದಾಟಿ ಆಮೇಲೆ ಬಂದ ಆಂಗ್ಲೋ-ಸ್ಯಾಕ್ಸನ್ನರು ಪರಕೀಯರೆಂದು ಹೆಸರಿಟ್ಟರು. ಎಂಥ ಅನ್ಯಾಯ! ವೇಲ್ಸಿನವರು ಮಾತ್ರ ಇಂದಿಗೂ ತಮ್ಮನ್ನು ತಾವು ಕರೆದುಕೊಳ್ಳುವುದು ‘ಕಮ್ರಿ’ ಎಂದು: ಒಂದೇ ನಾಡಿನವರು, ಒಡನಾಡಿಗಳು.