ಎಷ್ಟು ಮಕ್ಕಳು ಬಂದರು?

ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಕೆಲವರು ಈಗ ಅಮೆರಿಕಾ ದೇಶದಲ್ಲಿ ಸಂಸಾರ ಹೂಡಿಕೊಂಡಿರುವರೆಂಬದು ಈ ಸಂಚಿಕೆಯ ವಾಚಕರಿಗೆ ತಿಳಿದ ಸಂಗತಿಯೇ. ಅವರು ನವೆಂಬರ್ ತಿಂಗಳ ಆರಂಭದಲ್ಲಿ ಬರೆಯುವ ಕಾಗದಗಳಲ್ಲಿ ಒಂದು ಲೆಕ್ಕವು ತಪ್ಪದೆ ಇರುವದು. ಹ್ಯಾಲೋವೀನ್ ಸಂಜೆಯಲ್ಲಿ ತಮ್ಮ ಬಾಗಿಲಿಗೆ ಎಷ್ಟು ಮಕ್ಕಳು ಬಂದರೆಂಬದೇ ಆ ಲೆಕ್ಕ. ತಂದಿಟ್ಟ ಮಿಠಾಯಿಯೆಲ್ಲ ಮುಗಿದು ದೀಪವಾರಿಸಬೇಕಾಯಿತೆಂದು ಒಬ್ಬಳು ಬರೆದರೆ, ತುಂಬಿದ ಬುಟ್ಟಿಯು ಹಾಗೆಯೇ ಉಳಿಯಿತೆಂದು ಮತ್ತೊಬ್ಬಳು ಬರೆಯುವಳು. ಒಂದೇ ಪಟ್ಟಣದ ಎರಡು ಬೀದಿಗಳಲ್ಲಿ ಇಷ್ಟು ಭೇದವೇಕೆ? ಈ ಪ್ರಶ್ನೆಯು ಮಿಠಾಯಿಯ ವಿಷಯವಾಗಿ ತೋರಿದರೂ, ನೆರೆಯವನಾರು ಎಂಬ ದೊಡ್ಡ ವಿಷಯಕ್ಕೆ ಸೇರಿದ್ದೆಂದು ನನ್ನ ಅಭಿಪ್ರಾಯ. ಆದಕಾರಣ ಅದನ್ನು ಇಲ್ಲಿ ಸ್ವಲ್ಪ ವಿಚಾರಿಸಲು ಇಚ್ಛಿಸುತ್ತೇನೆ.

ಈ ಆಚಾರದ ಪೂರ್ವಚರಿತ್ರೆಯನ್ನು ಮೊದಲು ಸಂಕ್ಷೇಪವಾಗಿ ಹೇಳುವೆನು. ಅಕ್ಟೋಬರ್ 31ನೆಯ ತಾರೀಕು ಸಕಲ ಭಕ್ತರ ದಿನವಾದ ನವೆಂಬರ್ 1ರ ಹಿಂದಿನ ಸಂಜೆಯಾಗಿದೆ. ಆ ಹೆಸರೂ ಅದರಿಂದಲೇ ಬಂತು. ಕೆಲ್ಟ್ ಜನರು ಸುಗ್ಗಿಯ ಕೊನೆಯಲ್ಲಿ ಆಚರಿಸುತ್ತಿದ್ದ ಹಬ್ಬದ ನೆನಪುಗಳೂ ಇದರಲ್ಲಿ ಕೂಡಿಕೊಂಡಿವೆ. ಪೂರ್ವಕಾಲದ ಇಂಗ್ಲೆಂಡಿನಲ್ಲಿ ಬಡವರೂ ಮಕ್ಕಳೂ ಈ ದಿವಸಗಳಲ್ಲಿ ಮನೆಮನೆಗೆ ಹೋಗಿ, ಮೃತರಿಗಾಗಿ ಪ್ರಾರ್ಥಿಸುವೆವೆಂದು ಹೇಳಿ ಸಣ್ಣ ರೊಟ್ಟಿಗಳನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡಿನ ಮಕ್ಕಳು ವೇಷಹಾಕಿಕೊಂಡು ಹಾಡಿಯೋ ಕುಣಿದೋ ಹಣ್ಣುಕಾಯಿಗಳನ್ನು ಸಂಪಾದಿಸುತ್ತಿದ್ದರು. 1840ರ ದಶಕದ ಕ್ಷಾಮದಲ್ಲಿ ಐರ್ಲೆಂಡನ್ನು ಬಿಟ್ಟು ಅಮೆರಿಕಾಕ್ಕೆ ಹೋದ ಬಡಜನರು ಇಂಥ ಪದ್ಧತಿಗಳನ್ನು ತಮ್ಮ ಸಂಗಡ ಒಯ್ದರು. ತಮ್ಮ ನಾಡಿನಲ್ಲಿ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿಯು ದೊರೆಯಿತು. "ಟ್ರಿಕ್ ಆರ್ ಟ್ರೀಟ್", ಅಂದರೆ ಕುಚೇಷ್ಟೆಯೋ ಉಪಚಾರವೋ ಎಂಬ ಕೂಗು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕೆನಡಾದಲ್ಲಿ ಕೇಳಿಬಂತು. ಎರಡನೆಯ ಮಹಾಯುದ್ಧದ ಸಕ್ಕರೆಯ ಪಡಿತರವು 1947ರಲ್ಲಿ ಮುಗಿದ ಮೇಲೆ ಅದು ಅಮೆರಿಕಾದ ಊರೂರಿಗೂ ಹಬ್ಬಿತು. ಇದರಿಂದ ತಿಳಿಯುವದೇನಂದರೆ, ಬಡವರ ಮಕ್ಕಳು ಉಳ್ಳವರ ಬಾಗಿಲಿಗೆ ಹೋಗುವದು ಈ ಆಚಾರದಲ್ಲಿ ಹೊಸದಾಗಿ ಸೇರಿದ ದೋಷವಲ್ಲ. ಅದರ ಬೇರೇ ಅಲ್ಲಿದೆ.

ಇನ್ನು ಮಕ್ಕಳ ಲೆಕ್ಕಕ್ಕೆ ಬರೋಣ. ಅಮೆರಿಕಾದ ಜನಗಣತಿ ಇಲಾಖೆಯವರು 5ರಿಂದ 14 ವರ್ಷದೊಳಗಿನವರನ್ನು ಗಣಿಸಿ, ಹೀಗೆ ಹೊರಡಬಹುದಾದ ಮಕ್ಕಳು ಸುಮಾರು 4 ಕೋಟಿ 10 ಲಕ್ಷವೆಂದು 2010ರ ದಶಕದಲ್ಲಿ ಹೇಳಿದರು. ಆದರೆ ಮಳೆಯಂತೆ ಈ ಮಕ್ಕಳು ಎಲ್ಲಾ ಬೀದಿಗಳ ಮೇಲೂ ಸಮನಾಗಿ ಬೀಳುವದಿಲ್ಲ. ಜಿಲೋ ಎಂಬ ಗೃಹವ್ಯಾಪಾರದ ಸಂಸ್ಥೆಯು ಕೆಲವು ವರ್ಷ ಈ ಸಂಜೆಗೆ ಉತ್ತಮವಾದ ಪಟ್ಟಣಗಳ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಮನೆಗಳ ಬೆಲೆ, ಜನಸಾಂದ್ರತೆ, ನಡೆದು ಹೋಗಲು ಇರುವ ಅನುಕೂಲ, ಅಪರಾಧಗಳ ಸಂಖ್ಯೆ ಎಂಬಿವುಗಳನ್ನು ಅದು ತೂಗಿ ನೋಡುತ್ತಿತ್ತು. ಇವುಗಳಲ್ಲಿ ಧನವು ಒಂದು ಮಾತ್ರವೆಂಬದನ್ನು ಗಮನಿಸತಕ್ಕದ್ದು. ಬಾಗಿಲಿಂದ ಬಾಗಿಲಿಗೆ ಬಹುದೂರವಿರುವ ಮಹಾಸೌಧಗಳ ಬೀದಿಯಲ್ಲಿ ಪುಟ್ಟ ಕಾಲುಗಳು ಬೇಗ ದಣಿಯುವವು. ಮನೆಗಳು ಒತ್ತಾಗಿದ್ದು, ಕಾಲುದಾರಿಯೂ ದೀಪವೂ ಇರುವ ಬೀದಿಗೇ ಮಕ್ಕಳು ಬರುವರು. ಗಾಡಿಗಳು ವೇಗವಾಗಿ ಓಡುವ ಹೆದ್ದಾರಿಯ ಮಗ್ಗುಲಿನಲ್ಲಿಯೂ, ಹೊರಬಾಗಿಲಿಗೆ ಬೀಗ ಬಿದ್ದಿರುವ ಬಹುಮಹಡಿಯ ಕಟ್ಟಡಗಳಲ್ಲಿಯೂ ಬುಟ್ಟಿ ತುಂಬುವದು ಕಷ್ಟ. ಈ ಭಯಕ್ಕೆ ಆಧಾರವೂ ಉಂಟು. 1975ರಿಂದ 2016ರ ವರೆಗಿನ 42 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು, ವಾರದ ಹಿಂದಿನ ಹಾಗೂ ಮುಂದಿನ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆಯಲ್ಲಿ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವವು ನೂರಕ್ಕೆ 43ರಷ್ಟು ಹೆಚ್ಚೆಂದು 2018ರಲ್ಲಿ ಪ್ರಕಟಿಸಿದರು. ಹೀಗಿರಲು, ತಮ್ಮ ಕೇರಿಯಲ್ಲಿ ದೀಪವೂ ಕಾಲುದಾರಿಯೂ ಇಲ್ಲದ ತಾಯಿಯೊಬ್ಬಳು ಮಕ್ಕಳನ್ನು ಮೋಟಾರಿನಲ್ಲಿ ಕೂಡಿಸಿಕೊಂಡು ಒಳ್ಳೇ ಬೀದಿಗೆ ಕರೆತಂದರೆ, ಅದನ್ನು ಆಶೆಬುರುಕತನವೆನ್ನಬಹುದೇ?

ಎನ್ನುವವರು ಉಂಟು. 2014ರಲ್ಲಿ ಅಮೆರಿಕಾದ ಪತ್ರಿಕೆಯೊಂದರ ಸಲಹಾವಿಭಾಗಕ್ಕೆ ಒಬ್ಬ ಸ್ಥಿತಿವಂತರು ಬರೆದ ಪತ್ರವು ದೇಶದಲ್ಲೆಲ್ಲಾ ಚರ್ಚೆಗೆ ಕಾರಣವಾಯಿತು. ತಮ್ಮ ಬಡಾವಣೆಗೆ ಬೇರೆ ಕಡೆಯ ಬಡಮಕ್ಕಳು ವಾಹನಗಳಲ್ಲಿ ಬಂದಿಳಿಯುವರೆಂದೂ, ಈ ಹಬ್ಬವು ಧರ್ಮಛತ್ರವಲ್ಲವೆಂದೂ, ತಾವು ಸಲ್ಲಿಸುವ ತೆರಿಗೆಯೇ ಸಾಕಾಗಿರುವಾಗ ಈ ಮಕ್ಕಳಿಗೂ ಮಿಠಾಯಿ ಕೊಳ್ಳಬೇಕೇಕೆಂದೂ ಅದರ ತಾತ್ಪರ್ಯ. ಸಲಹೆಗಾರ್ತಿಯು ಅವರ ಲೋಭವನ್ನು ಚೆನ್ನಾಗಿ ಹಂಗಿಸಿ, ಇನ್ನಷ್ಟು ಮಿಠಾಯಿ ಕೊಂಡು ತರುವಂತೆ ಉತ್ತರವಿತ್ತಳು.

ಆ ಉತ್ತರವು ನ್ಯಾಯವಾದದ್ದೇ. ಒಂದು ಮಿಠಾಯಿಯ ಬೆಲೆಗಾಗಿ ಬಾಗಿಲಲ್ಲಿ ನಿಂತ ಮಗುವನ್ನು ನೀನು ಯಾವ ಬೀದಿಯವಳೆಂದು ಕೇಳುವದು ಸಭ್ಯತೆಯಲ್ಲ. ತಾನು ಬೇರೆಯವಳೆಂಬದನ್ನು ಮಗುವು ಆ ಒಂದು ಪ್ರಶ್ನೆಯಿಂದ ಕಲಿತುಕೊಳ್ಳುವದು. ಕಲಿತದ್ದನ್ನು ಬಹುಕಾಲ ಮರೆಯದು. ಆದರೂ ಮನೆಯವರ ಕಷ್ಟವನ್ನು ತೀರ ಅಲ್ಲಗಳೆಯುವದೂ ಸರಿಯಲ್ಲ. ನೂರಾರು ಮಕ್ಕಳು ಬರುವ ಬೀದಿಯಲ್ಲಿ ಹೆಚ್ಚು ಸಂಬಳವಿಲ್ಲದವರೂ, ವಿಶ್ರಾಂತಿವೇತನದಲ್ಲಿ ಬದುಕುವ ವೃದ್ಧರೂ ಇರಬಹುದು. ಭಾರವು ಕೆಲವರ ಮೇಲೆಯೇ ಬಿದ್ದಾಗ ಊರವರು ಅದನ್ನು ಹಂಚಿಕೊಳ್ಳಬೇಕು. ಕಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದ ರಸ್ಸೆಲ್ ಬೀದಿಯಂಥ ಸ್ಥಳಗಳಲ್ಲಿ ಆ ಸಂಜೆ ವಾಹನಗಳನ್ನು ತಡೆದು ಬೀದಿಯನ್ನೇ ಮಕ್ಕಳಿಗೆ ಬಿಟ್ಟುಕೊಟ್ಟದ್ದುಂಟು. ಮಕ್ಕಳು ಬಾರದ ಬೀದಿಗಳವರು ತಮ್ಮಲ್ಲಿ ಉಳಿಯುವ ಮಿಠಾಯಿಯನ್ನು ಮುಂಚಿತವಾಗಿ ಇಂಥ ಬೀದಿಗಳಿಗೆ ಕಳುಹಿಸಿಕೊಟ್ಟರೆ ದೂರು ಹೇಳುವದಕ್ಕೆ ಎಡೆಯೇ ಇರದು.

ಬರಿದಾದ ಬೀದಿಗಳ ಸಂಗತಿಯು ನನಗೆ ಇದಕ್ಕಿಂತಲೂ ಹೆಚ್ಚಿನ ವ್ಯಸನವನ್ನುಂಟುಮಾಡುವದು. ಅಲ್ಲಿಯೂ ದೀಪ ಹಚ್ಚಿ ಕಾದುಕೊಂಡಿರುವ ಮುದುಕರಿದ್ದಾರೆ, ಗಂಟೆ ಬಾರಿಸುವವರಿಲ್ಲ. ಇದಕ್ಕೆ ಅಪರಿಚಿತರ ಭಯವೂ ಒಂದು ಕಾರಣ. 1974ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಒಬ್ಬ ಬಾಲಕನು ಹ್ಯಾಲೋವೀನ್ ಮಿಠಾಯಿಯಲ್ಲಿದ್ದ ವಿಷದಿಂದ ಸತ್ತನು. ವಿಷವಿಕ್ಕಿದವನು ಅವನ ಸ್ವಂತ ತಂದೆಯೇ ಎಂದು ನ್ಯಾಯಾಲಯದಲ್ಲಿ ಸ್ಥಿರಪಟ್ಟಿತು. ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಅನೇಕ ವರ್ಷಗಳ ವರದಿಗಳನ್ನು ಶೋಧಿಸಿ ನೋಡಿದರು. ಅಪರಿಚಿತನೊಬ್ಬನು ಬಾಗಿಲಿಗೆ ಬಂದ ಮಕ್ಕಳಿಗೆ ಹೀಗೆ ವಿಷಕೊಟ್ಟು ಕೊಂದದ್ದಕ್ಕೆ ದೃಢವಾದ ಒಂದು ನಿದರ್ಶನವೂ ಅವರಿಗೆ ಸಿಕ್ಕಲಿಲ್ಲ. ಆದರೂ ಭಯವು ಉಳಿಯಿತು. ಈಗ ಅನೇಕ ಸಭೆಗಳವರೂ ಶಾಲೆಗಳವರೂ ಒಂದು ಬೈಲಿನಲ್ಲಿ ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಹಿಂಬದಿಯ ಪೆಟ್ಟಿಗೆಗಳಿಂದಲೇ ಮಿಠಾಯಿ ಹಂಚುವರು. ಇದು ಕ್ಷೇಮವೇ ಸರಿ. ಆದರೆ ಮಗುವು ನೆರೆಯವರ ಮೆಟ್ಟಲನ್ನು ಹತ್ತಿ, ಮುಖವನ್ನೆತ್ತಿ ನೋಡಿ, ವಂದನೆ ಹೇಳಿ ಬರುವ ಶಿಕ್ಷಣವು ಅಲ್ಲಿ ದೊರೆಯದು.

ಮುಖಪರಿಚಯದ ಬೆಲೆ ಎಷ್ಟೆಂಬದಕ್ಕೆ ಒಂದು ದೃಷ್ಟಾಂತವನ್ನು ಕೊಡುವೆನು. ಸಿಯಾಟಲ್ ಪಟ್ಟಣದ 27 ಮನೆಗಳಲ್ಲಿ ಮನಶ್ಶಾಸ್ತ್ರಜ್ಞರು ನಡಿಸಿದ ಪರೀಕ್ಷೆಯು 1976ರಲ್ಲಿ ಪ್ರಕಟವಾಯಿತು. ಆ ಮನೆಗಳಿಗೆ ಬಂದ ಸಾವಿರದ ಮುನ್ನೂರಕ್ಕೂ ಮೇಲ್ಪಟ್ಟ ಮಕ್ಕಳಿಗೆ, ಒಂದೊಂದೇ ಮಿಠಾಯಿಯನ್ನು ತೆಗೆದುಕೊಳ್ಳಿರೆಂದು ಹೇಳಿ ಮನೆಯಾಕೆಯು ಒಳಗೆ ಹೋಗುವಳು. ಗುಂಪಾಗಿ ಬಂದವರೂ ಹೆಸರು ಕೇಳಲ್ಪಡದವರೂ ಆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೇಳಿದ್ದನ್ನು ಮೀರಿದರು. ಒಬ್ಬೊಬ್ಬರಾಗಿ ಬಂದು ಹೆಸರನ್ನೂ ಮನೆಯನ್ನೂ ತಿಳಿಸಿದವರಲ್ಲಿ ಹಾಗೆ ಮೀರಿದವರು ನೂರಕ್ಕೆ ಎಂಟು ಮಂದಿಯೂ ಆಗಲಿಲ್ಲ. ಇಪ್ಪತ್ತು ವರ್ಷ ತರಗತಿಗಳಲ್ಲಿ ನಿಂತ ನನಗೆ ಇದು ಆಶ್ಚರ್ಯವಲ್ಲ. ಹೆಸರು ಹಿಡಿದು ಕರೆಯಲ್ಪಡುವ ಮಗುವು ಒಳ್ಳೇ ಮಗುವಾಗಿರಲು ಪ್ರಯತ್ನಿಸುವದು. ನಿನ್ನ ಬೀದಿ ಯಾವದು ಎಂದು ಹೊರಗಿಡುವದಕ್ಕಾಗಿ ಕೇಳುವದು ಬೇರೆ, ನಿನ್ನ ಹೆಸರೇನು ಎಂದು ಒಳಗೆ ಕರೆಯುವದಕ್ಕಾಗಿ ಕೇಳುವದು ಬೇರೆ.

ಕೊಳ್ಳುವ ಈ ದಿನವನ್ನು ಕೊಡುವ ದಿನವಾಗಿಯೂ ಮಾಡಬಹುದೆಂಬದಕ್ಕೆ ಸಾಕ್ಷಿಯುಂಟು. 1950ರಲ್ಲಿ ಫಿಲಡೆಲ್ಫಿಯಾದ ಆಲಿಸನ್ ಎಂಬ ಪಾದ್ರಿಗಳೂ ಅವರ ಪತ್ನಿಯೂ ಮಕ್ಕಳ ಕೈಗೆ ಡಬ್ಬಿಗಳನ್ನು ಕೊಟ್ಟು, ಯುದ್ಧದಿಂದ ನೊಂದ ಪರದೇಶದ ಮಕ್ಕಳಿಗಾಗಿ ಕಾಸು ಕೂಡಿಸಿದರು. ಮೊದಲ ಸಾರಿ ಬಂದದ್ದು 17 ಡಾಲರು. ಯುನಿಸೆಫ್ ಸಂಸ್ಥೆಗೆ ಸೇರುವ ಆ ನಿಧಿಯು ಮುಂದೆ 16 ಕೋಟಿ ಡಾಲರನ್ನೂ ಮೀರಿತು.

ನಮ್ಮ ನಾಡಿನ ವಾಚಕರು ಇದರಲ್ಲಿ ತಮ್ಮದೂ ಒಂದು ಪಾಲನ್ನು ಕಾಣುವರು. ಸಂಕ್ರಾಂತಿಯಲ್ಲಿ ಹೆಣ್ಣುಮಕ್ಕಳು ಎಳ್ಳುಬೆಲ್ಲ ಬೀರಲು ಹೋಗುವ ಮನೆಗಳಾವವು? ಕ್ರಿಸ್ತಜಯಂತಿಯ ಕಾಲದಲ್ಲಿ ನಮ್ಮ ಹುಡುಗಿಯರು ಹಾಡುತ್ತಾ ಹೋಗುವ ಬೀದಿಗಳಾವವು? ಉಪಚಾರ ಚೆನ್ನಾಗಿರುವ ಮನೆಗಳಿಗೆ ಕಾಲು ತಾನಾಗಿಯೇ ಹೋಗುವದು ಮನುಷ್ಯಸ್ವಭಾವ. ಕತ್ತಲಾದ ಓಣಿಗೆ ತಿರುಗುವದನ್ನು ಕಲಿಸಬೇಕಾಗುವದು. ಪರದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ನನ್ನ ಬಿನ್ನಹವಿಷ್ಟೇ: ನಿಮ್ಮದು ಮಕ್ಕಳು ಕಿಕ್ಕಿರಿಯುವ ಬೀದಿಯಾಗಿದ್ದರೆ, ಬಂದವರೆಲ್ಲರಿಗೂ ಸಮನಾಗಿ ಕೊಡಿರಿ; ಬರಿದಾದ ಬೀದಿಯಾಗಿದ್ದರೆ, ನಿಮ್ಮ ಮಕ್ಕಳನ್ನು ದೂರಕ್ಕೆ ಒಯ್ಯುವ ಮೊದಲು ಆ ಮುದುಕರ ಬಾಗಿಲನ್ನು ತಟ್ಟಿಸಿರಿ. ಮಾರನೆಯ ದಿನ ಎಷ್ಟು ಮಕ್ಕಳು ಬಂದರೆಂದು ಎಣಿಸುವಾಗ, ಯಾರ ಮಕ್ಕಳು ಬರಲಿಲ್ಲವೆಂಬದನ್ನೂ ವಿಚಾರಿಸಿರಿ.